ತೆನೆ ಆಯ್ದವಳು ಹೊಟ್ಟೆ ತುಂಬ ಉಂಡಳು

(ಮಾತೆ ಮರಿಯಮ್ಮನವರ ಜನನೋತ್ಸವ, ಸೆಪ್ಟೆಂಬರ್ 8. ಶುಭಸಂದೇಶ: ಮತ್ತಾಯ 1:1-16, 18-23)



ಇಂದು ನಮ್ಮೆಲ್ಲರ ತಾಯಿಯ ಹುಟ್ಟುಹಬ್ಬ. ಒಂಬತ್ತು ದಿನಗಳ ನೊವೇನಾ ಮುಗಿಸಿ, ಮಕ್ಕಳು ಬುಟ್ಟಿ ತುಂಬ ತಂದ ಹೂಗಳನ್ನು ಪುಟ್ಟ ಮರಿಯಮ್ಮನ ಪಾದಕ್ಕೆ ಅರ್ಪಿಸಿ, ಹೊಸ ತೆನೆಯನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ತಂದು ನಾವೀಗ ಬಲಿಪೀಠದ ಸುತ್ತ ಸೇರಿದ್ದೇವೆ. ಧರ್ಮಸಭೆಯು ಸಂತರ ಹಬ್ಬವನ್ನು ಸಾಮಾನ್ಯವಾಗಿ ಅವರು ಈ ಲೋಕವನ್ನು ಬಿಟ್ಟುಹೋದ ದಿನ ಆಚರಿಸುತ್ತದೆ. ಅದು ಅವರು ಸ್ವರ್ಗದಲ್ಲಿ ಹುಟ್ಟಿದ ದಿನ ಎಂಬುದು ನಮ್ಮ ವಿಶ್ವಾಸ. ಭೂಮಿಯ ಮೇಲೆ ಹುಟ್ಟಿದ ದಿನವನ್ನು ನಾವು ಆಚರಿಸುವುದು ಮೂವರದ್ದು ಮಾತ್ರ. ಡಿಸೆಂಬರ್ 25ರಂದು ಪ್ರಭು ಯೇಸುವಿನದು, ಜೂನ್ 24ರಂದು ಸ್ನಾನಿಕ ಯೊವಾನ್ನರದು, ಇಂದು ಮಾತೆ ಮರಿಯಮ್ಮನವರದು. ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿದ್ದಕ್ಕೆ ಇಡೀ ಧರ್ಮಸಭೆ ಹೂವು ಹಿಡಿದು ನಿಂತಿದೆ. ಹೆಣ್ಣುಮಗುವಿನ ಹುಟ್ಟು ಹೊರೆಯಲ್ಲ, ಹಬ್ಬ ಎಂದು ಈ ದಿನ ಸಾರುತ್ತದೆ.

ಇಂದಿನ ಶುಭಸಂದೇಶವನ್ನು ಕೇಳುವಾಗ ನಮ್ಮಲ್ಲಿ ಹಲವರಿಗೆ ಸ್ವಲ್ಪ ಬೇಸರ ಬಂದಿರಬಹುದು. ಅಬ್ರಹಾಮನಿಂದ ಹಿಡಿದು ಜೋಸೆಫರವರೆಗೆ ಹೆಸರಿನ ಮೇಲೆ ಹೆಸರು. ಓದುವವರ ನಾಲಿಗೆ ತಡವರಿಸುತ್ತದೆ, ಕೇಳುವವರ ಮನಸ್ಸು ಮನೆಯ ಅಡುಗೆ ಒಲೆಯ ಕಡೆಗೆ ಓಡುತ್ತದೆ. ಆದರೆ ಆ ಗಂಡಸರ ಹೆಸರುಗಳ ನಡುವೆ ಮರಿಯಮ್ಮನವರಿಗಿಂತ ಮುಂಚೆ ನಾಲ್ಕು ಹೆಂಗಸರು ಬರುತ್ತಾರೆ. ತಾಮಾರಳು, ರಾಹಾಬಳು, ರೂತಳು, ಊರಿಯನ ಹೆಂಡತಿ. ಇವರಲ್ಲಿ ರೂತಳು ತೆನೆಯ ಹೆಣ್ಣು. ನಮ್ಮ ಕೈಯಲ್ಲಿ ತೆನೆ ಇರುವ ಈ ಹಬ್ಬದ ದಿನ ಅವಳ ಜೊತೆ ಸ್ವಲ್ಪ ಹೊತ್ತು ನಡೆಯೋಣ.

ರೂತಳ ಹೊಲ

ಬೆತ್ಲೆಹೇಮಿನಲ್ಲಿ ಬರಗಾಲ ಬಂದಾಗ ನೊವೊಮಿ ಎಂಬ ತಾಯಿ ಗಂಡ ಮಕ್ಕಳೊಡನೆ ಮೋವಾಬ್ ದೇಶಕ್ಕೆ ವಲಸೆ ಹೋದಳು. ಅಲ್ಲಿ ಗಂಡ ಸತ್ತ, ಮದುವೆಯಾಗಿದ್ದ ಇಬ್ಬರು ಗಂಡುಮಕ್ಕಳೂ ಸತ್ತರು. ಊರಿಗೆ ಮರಳಿದ ಅವಳ ಜೊತೆ ಸೊಸೆ ರೂತಳು ಬಂದಳು. ಅತ್ತೆ ಸೊಸೆ ಇಬ್ಬರೂ ವಿಧವೆಯರು. ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಕಾಳಿಲ್ಲ. ಅದು ಜವೆಗೋಧಿಯ ಸುಗ್ಗಿಯ ಕಾಲ. ಕೊಯ್ಲು ಮಾಡುವಾಗ ಹೊಲದ ಅಂಚಿನ ಪೈರನ್ನೂ ಉದುರಿದ ತೆನೆಗಳನ್ನೂ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ದೇವರ ನಿಯಮ ಯಾಜಕಕಾಂಡದಲ್ಲಿದೆ. ಆ ನಿಯಮವನ್ನು ನಂಬಿ ರೂತಳು ಬೆಳಗ್ಗೆಯೇ ಹೊಲಕ್ಕೆ ಹೋಗಿ, ಕೊಯ್ಯುವವರ ಹಿಂದೆ ಬಗ್ಗಿ ಒಂದೊಂದೇ ತೆನೆಯನ್ನು ಆಯ್ದಳು. ಹೊಲದ ಯಜಮಾನ ಬೋವಜ. ಅವನು ಅವಳನ್ನು ಗದರಿಸಲಿಲ್ಲ. ಬಾಯಾರಿದಾಗ ತನ್ನ ಆಳುಗಳು ತುಂಬಿಟ್ಟ ಕೊಡದಿಂದ ನೀರು ಕುಡಿಯಲು ಹೇಳಿದ. ಊಟದ ಹೊತ್ತಿಗೆ ಹತ್ತಿರ ಕರೆದು ಕೂರಿಸಿದ, ಹುರಿದ ಕಾಳನ್ನು ತಾನೇ ಕೊಟ್ಟ.

ಈಗ ಬರುವ ಸಣ್ಣ ವಿವರವನ್ನು ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತೇವೆ. ರೂತಳು ತೃಪ್ತಿಯಾಗುವಷ್ಟು ಉಂಡಳು, ಆಮೇಲೂ ಸ್ವಲ್ಪ ಉಳಿಯಿತು ಎಂದು ಪವಿತ್ರ ಗ್ರಂಥ ಹೇಳುತ್ತದೆ. ಸಂಜೆಯವರೆಗೆ ಆಯ್ದು ಬಡಿದಾಗ ಸುಮಾರು ಒಂದು ಏಫಾ, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಲೀಟರಿನಷ್ಟು ಕಾಳು ಸಿಕ್ಕಿತು. ಅದನ್ನು ಹೊತ್ತು ಮನೆಗೆ ಬಂದಳು. ತಾನು ಉಂಡು ಉಳಿಸಿಟ್ಟುಕೊಂಡಿದ್ದನ್ನೂ ಅತ್ತೆಗೆ ಕೊಟ್ಟಳು.

ಇಲ್ಲಿ ಮೂರು ಕೆಲಸಗಳಿವೆ. ರೂತಳು ಬಿದ್ದ ಒಂದು ತೆನೆಯನ್ನೂ ಹಾಳುಮಾಡದೆ ಆಯ್ದಳು. ಹೊಟ್ಟೆ ತುಂಬ ಉಂಡಳು. ಉಳಿದದ್ದನ್ನು ಮನೆಯವರಿಗೆ ಕೊಂಡೊಯ್ದಳು. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳುವುದು ಮೊದಲನೆಯ ಕೆಲಸವನ್ನು. ನಮ್ಮ ಮನೆಗಳಲ್ಲಿ ಮೊದಲನೆಯದೂ ಮೂರನೆಯದೂ ಚೆನ್ನಾಗಿಯೇ ನಡೆಯುತ್ತವೆ. ನಡುವಿನ ಕೆಲಸವನ್ನು ಬಿಟ್ಟುಬಿಡುತ್ತೇವೆ. ದುಡಿಯುತ್ತೇವೆ, ಉಳಿಸುತ್ತೇವೆ, ಮಕ್ಕಳಿಗೆ ಕೊಡುತ್ತೇವೆ. ಆದರೆ ದುಡಿಯುವ, ಉಳಿಸುವ, ಕೊಡುವ ಆ ಶರೀರಕ್ಕೆ ಮಾತ್ರ ಏನೂ ಕೊಡುವುದಿಲ್ಲ. ಇದರಲ್ಲಿ ಎಲ್ಲರಿಗಿಂತ ಮುಂದೆ ಇರುವವರು ನಮ್ಮ ತಾಯಂದಿರು.

ತಾಯಿಯ ತಟ್ಟೆ

ಧರ್ಮಕೇಂದ್ರದಲ್ಲಿ ಮನೆಗಳ ಭೇಟಿಗೆ ಹೋದಾಗ ಗುರುಗಳಾದ ನಾವು ಮತ್ತೆ ಮತ್ತೆ ಕಾಣುವ ದೃಶ್ಯ ಒಂದಿದೆ. ಎಲ್ಲರೂ ಉಂಡೆದ್ದ ಮೇಲೆ ಮನೆಯ ತಾಯಿ ಪಾತ್ರೆಯ ತಳವನ್ನು ಕೆರೆದು ತಟ್ಟೆಗೆ ಹಾಕಿಕೊಳ್ಳುತ್ತಾಳೆ. ಪಲ್ಯ ಮುಗಿದಿರುತ್ತದೆ, ಮೀನಿನ ತುಂಡು ಮಕ್ಕಳ ಪಾಲಾಗಿರುತ್ತದೆ. ಅವಳಿಗೆ ಉಳಿಯುವುದು ಅನ್ನ, ತಿಳಿಸಾರು, ಒಂದು ತುಂಡು ಉಪ್ಪಿನಕಾಯಿ. ಕೇಳಿದರೆ "ನನಗೆ ಇಷ್ಟೇ ಸಾಕು ಫಾದರ್, ಹಸಿವೇ ಇಲ್ಲ" ಎನ್ನುತ್ತಾಳೆ. ಕಿಟಕಿಯ ಮೇಲೆ ರಕ್ತದೊತ್ತಡದ ಮಾತ್ರೆಯ ಪಟ್ಟಿ ಇರುತ್ತದೆ. ಅದರಲ್ಲಿ ಅರ್ಧ ಮುರಿದ ಮಾತ್ರೆ. "ದಿನಾ ಒಂದು ಅಂತ ಹೇಳಿದ್ದಾರೆ, ಅರ್ಧ ತಗೊಂಡರೆ ಎರಡು ದಿನ ಬರುತ್ತೆ ಅಲ್ವಾ?" ಅದೇ ಮನೆಯ ಗೋಡೆಗೆ ಹೊಸ ಬಣ್ಣ ಬಂದಿರುತ್ತದೆ, ಮಗನ ಕೈಯಲ್ಲಿ ಹೊಸ ಫೋನ್ ಇರುತ್ತದೆ. ಮನೆಯಲ್ಲಿ ಹಣವೇ ಇಲ್ಲವೆಂದಲ್ಲ. ಆ ಹಣದಲ್ಲಿ ತನಗೂ ಒಂದು ಪಾಲಿದೆ ಎಂದು ಆ ತಾಯಿಗೆ ಅನ್ನಿಸಿಯೇ ಇಲ್ಲ.

ಇದು ಒಂದೆರಡು ಮನೆಗಳ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಅಂದರೆ ಇಂದು ಈ ದೇವಾಲಯದ ಒಂದು ಬದಿಯಲ್ಲಿ ಕುಳಿತಿರುವ ತಾಯಂದಿರನ್ನೂ ಅಕ್ಕತಂಗಿಯರನ್ನೂ ನೋಡಿದರೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ರಕ್ತದಲ್ಲಿ ಬೇಕಾದಷ್ಟು ಬಲವಿಲ್ಲದೆ ಇರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆಸುತ್ತು. ನಾವೆಲ್ಲ ಅದನ್ನು ವಯಸ್ಸಾಯಿತು ಎಂದು ತಳ್ಳಿಹಾಕುತ್ತೇವೆ.

ನಾವು ಇದಕ್ಕೆ ತ್ಯಾಗ ಎಂಬ ದೊಡ್ಡ ಹೆಸರನ್ನೂ ಕೊಡುತ್ತೇವೆ. ತಾಯಿಯೆಂದರೆ ತ್ಯಾಗಮಯಿ ಎಂದು ಹಬ್ಬದ ದಿನ ಭಾಷಣ ಮಾಡುತ್ತೇವೆ. ಪ್ರಭು ಯೇಸು ಮಾಡಿದ್ದು ತ್ಯಾಗ. ಅವರು ನಮಗೋಸ್ಕರ ತಮ್ಮ ಪ್ರಾಣವನ್ನು ಮನಃಪೂರ್ವಕವಾಗಿ ಕೊಟ್ಟರು. ಮಗುವಿಗೆ ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿರುವ ತಾಯಿಯದೂ ತ್ಯಾಗವೇ. ಆದರೆ ಅನ್ನವೂ ಔಷಧಿಯೂ ಎಟಕುವ ಮನೆಯಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಒಬ್ಬಳು ಮಾತ್ರ ವರ್ಷಗಟ್ಟಲೆ ಸೊರಗುತ್ತಾ ಹೋದರೆ ಅದು ಉಳಿದವರ ಅಲಕ್ಷ್ಯ. ಅಲಕ್ಷ್ಯಕ್ಕೆ ತ್ಯಾಗದ ಹೆಸರಿಟ್ಟು ಬಲಿಪೀಠಕ್ಕೆ ತರಬಾರದು.

ಅದರ ಲೆಕ್ಕವೂ ಕೊನೆಗೆ ಸರಿಹೋಗುವುದಿಲ್ಲ. ಮಾತ್ರೆಯಲ್ಲಿ ಉಳಿಸಿದ್ದು ತಿಂಗಳಿಗೆ ನೂರೋ ಇನ್ನೂರೋ ರೂಪಾಯಿ. ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ಕೈ ಎತ್ತಲಾಗದೆ ಪಾರ್ಶ್ವವಾಯು ಬಡಿದಾಗ ಆಸ್ಪತ್ರೆಗೆ ಕಟ್ಟುವುದು ಲಕ್ಷದ ಲೆಕ್ಕ. ಒಡವೆ ಅಡವಿಗೆ ಹೋಗುತ್ತದೆ, ಸಂಘದಿಂದ ಸಾಲ ಬರುತ್ತದೆ, ಅಮ್ಮನನ್ನು ನೋಡಿಕೊಳ್ಳಲು ಮಗಳು ಓದು ಬಿಡುತ್ತಾಳೆ. ಯಾರಿಗಾಗಿ ಆ ತಾಯಿ ಉಳಿಸಿದಳೋ ಅವರ ತಲೆಯ ಮೇಲೆಯೇ ಆ ಭಾರ ಬೀಳುತ್ತದೆ.

ತಂದೆಯರನ್ನೂ ಮರೆಯುವಂತಿಲ್ಲ. ಎದೆಯಲ್ಲಿ ನೋವು ಕಾಣಿಸಿದರೂ "ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ" ಎನ್ನುವ ತಂದೆ ನಮ್ಮ ನಡುವೆ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ, ಅವರಿಗೆ ಯಾಕೆ ಚಿಂತೆ ಎಂದು ನೋವನ್ನು ಮುಚ್ಚಿಡುವ ಹಿರಿಯರಿದ್ದಾರೆ. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಮೊದಮೊದಲು ನೋವು ಕೊಡುವುದಿಲ್ಲ. ಕಳ್ಳನ ಹಾಗೆ ಸದ್ದಿಲ್ಲದೆ ಒಳಗೆ ಬಂದು ಕಣ್ಣು, ಮೂತ್ರಪಿಂಡ, ಹೃದಯವನ್ನು ತಿನ್ನುತ್ತವೆ. ನೋವಿಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ.

ಶರೀರ ಯಾರದು?

ಕ್ರೈಸ್ತರಾದ ನಮಗೆ ಶರೀರ ಸ್ವಂತ ಆಸ್ತಿಯಲ್ಲ. ಅದು ಪವಿತ್ರಾತ್ಮರ ಆಲಯ, ಬೆಲೆ ಕೊಟ್ಟು ಕೊಂಡದ್ದು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆಯುತ್ತಾರೆ. ಈ ದೇವಾಲಯದ ಮಾಡು ಸೋರಿದರೆ ನಾವು ಸುಮ್ಮನಿರುತ್ತೇವೆಯೇ? ಪಾಲನಾ ಸಮಿತಿ ಸಭೆ ಸೇರುತ್ತದೆ, ವಂತಿಗೆ ಎತ್ತುತ್ತದೆ, ಮಳೆಗಾಲಕ್ಕೆ ಮುಂಚೆ ಹೆಂಚು ಬದಲಾಯಿಸುತ್ತದೆ. ದೇವರು ತಾವೇ ಕಟ್ಟಿದ ಆಲಯ ಸೋರುವಾಗ ಅದಕ್ಕೆ ಖರ್ಚೇಕೆ ಎನ್ನುವುದು ಯಾವ ಭಕ್ತಿ?

ಪ್ರವಾದಿ ಎಲೀಯ ಜೀವ ಬೇಸತ್ತು ಮರದಡಿ ಮಲಗಿದಾಗ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ಬಿಸಿ ರೊಟ್ಟಿ, ನೀರು ತಂದಿಟ್ಟು ಎಬ್ಬಿಸಿ ಉಣ್ಣಿಸಿದ. ಮತ್ತೆ ಮಲಗಲು ಬಿಟ್ಟು ಇನ್ನೊಮ್ಮೆ ಉಣ್ಣಿಸಿದ. ಆಮೇಲೆಯೇ ಹೋರೇಬ್ ಬೆಟ್ಟದ ನಲವತ್ತು ದಿನಗಳ ದಾರಿ. ಪ್ರಭು ಯೇಸು ಯಾಯೀರನ ಮಗಳನ್ನು ಜೀವಂತವಾಗಿ ಎಬ್ಬಿಸಿದ ಕೂಡಲೇ ಹೇಳಿದ್ದು ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದೇ. ಹನ್ನೆರಡು ವರ್ಷದ ಆ ಹುಡುಗಿಗೆ ಹಸಿವಾಗಿದೆ ಎಂಬುದು ಅಷ್ಟು ದೊಡ್ಡ ಅದ್ಭುತದ ನಡುವೆಯೂ ಅವರ ನೆನಪಿನಲ್ಲಿತ್ತು. ಊಟಕ್ಕೂ ಬಿಡುವಿಲ್ಲದಷ್ಟು ದುಡಿದ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ಕರೆದೊಯ್ದು ದಣಿವಾರಿಸಿಕೊಳ್ಳಲು ಹೇಳಿದವರೂ ಅವರೇ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಆರೋಗ್ಯದ ವಿಷಯವನ್ನು ಐದನೆಯ ದೈವಾಜ್ಞೆಯ ಅಡಿಯಲ್ಲಿ ಇಟ್ಟಿದೆ. ಕೊಲೆ ಮಾಡಬಾರದು ಎನ್ನುವ ಆಜ್ಞೆ ಅದು. ಜೀವ ಮತ್ತು ಆರೋಗ್ಯ ದೇವರು ನಮ್ಮ ಕೈಗೆ ಒಪ್ಪಿಸಿದ ವರಗಳು, ಅವುಗಳನ್ನು ತಕ್ಕ ರೀತಿಯಲ್ಲಿ ಕಾಪಾಡಬೇಕು ಎಂದು 2288ನೇ ಕಂಡಿಕೆ ತಿಳಿಸುತ್ತದೆ. ಊಟ, ಮದ್ಯ, ತಂಬಾಕು, ಔಷಧಿ ಇವುಗಳಲ್ಲಿ ಅತಿಯನ್ನು ಬಿಡಬೇಕು ಎಂದು 2290ನೇ ಕಂಡಿಕೆ ಎಚ್ಚರಿಸುತ್ತದೆ. ಎರಡರ ನಡುವೆ, ಶರೀರವನ್ನೇ ದೇವರನ್ನಾಗಿ ಮಾಡಿಕೊಂಡು ಅದಕ್ಕಾಗಿ ಎಲ್ಲವನ್ನೂ ಬಲಿಕೊಡುವ ಹುಚ್ಚನ್ನೂ ಅದು ಖಂಡಿಸುತ್ತದೆ. ಕನ್ನಡಿಯ ಮುಂದೆ ದಿನ ಕಳೆಯುವುದೂ ಬಿಳಿಯಾಗಲು ಕ್ರೀಮು ಕೊಳ್ಳುವುದೂ ಆರೋಗ್ಯವಲ್ಲ. ಹಾಗೆಯೇ ಕಾಯಿಲೆ ಬಿದ್ದವರು ಪಾಪ ಮಾಡಿದ್ದಾರೆಂದು ಯಾರೂ ತಿಳಿಯಬಾರದು. ಹುಟ್ಟುಕುರುಡನ ಬಗ್ಗೆ ಶಿಷ್ಯರು ಹಾಗೆ ಕೇಳಿದಾಗ ಪ್ರಭು ಆ ಮಾತನ್ನು ಒಪ್ಪಲಿಲ್ಲ.

ನಜರೇತಿನ ಮಿತವ್ಯಯ

ಹಾಗಾದರೆ ಮಿತವ್ಯಯ ಬೇಡವೇ? ಖಂಡಿತ ಬೇಕು. ಮರಿಯಮ್ಮನವರ ಮನೆ ಬಡಗಿಯ ಮನೆ. ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಲು ಹೋದಾಗಿನ ಬಲಿಯನ್ನು ಹೇಳುವಾಗ ಸಂತ ಲೂಕರು ಹಕ್ಕಿಗಳ ಜೋಡಿಯನ್ನು ಹೆಸರಿಸುತ್ತಾರೆ. ಕುರಿಮರಿ ತರಲಾಗದ ಬಡವರಿಗೆ ಮೋಶೆಯ ನಿಯಮ ಗೊತ್ತುಮಾಡಿದ್ದ ಕಾಣಿಕೆ ಅದು. ಅವರು ಸಾಲ ಮಾಡಿ ಕುರಿ ತರಲಿಲ್ಲ. ನೆಂಟರು ಏನೆಂದುಕೊಳ್ಳುತ್ತಾರೋ ಎಂದು ಹೆದರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದರು. ಆ ಬಡಮನೆಯಲ್ಲಿ ಮಗು ಚೆನ್ನಾಗಿ ಬೆಳೆದು ಬಲಗೊಂಡಿತು ಎಂದೂ ಸಂತ ಲೂಕರು ದಾಖಲಿಸುತ್ತಾರೆ. ನಜರೇತಿನ ಮನೆ ಆಡಂಬರವನ್ನು ಕಡಿಮೆ ಮಾಡಿತು, ಮಗುವಿನ ಮೈಗೆ ಬೇಕಾದದ್ದನ್ನು ಕಡಿಮೆ ಮಾಡಲಿಲ್ಲ. ಅದೇ ಮಗು ಮುಂದೆ ಐದು ಸಾವಿರ ಮಂದಿಗೆ ಉಣ್ಣಿಸಿದಾಗ ಮೊದಲು ಎಲ್ಲರೂ ತೃಪ್ತಿಯಾಗಿ ಉಂಡರು, ಆಮೇಲೆ ತುಣುಕುಗಳನ್ನು ಕೂಡಿಸಲಾಯಿತು, ಹನ್ನೆರಡು ಬುಟ್ಟಿ ತುಂಬಿತು. ರೂತಳ ಹೊಲದ ರೀತಿಯೂ ಇದೇ.

ನಮ್ಮ ತೆನೆಹಬ್ಬವನ್ನೇ ನೋಡಿ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮೊಂತಿ ಫೆಸ್ತ್ ಎಂದು ಕರೆಯುವ ಈ ಹಬ್ಬದ ಊಟಕ್ಕೆ ಮಾಂಸವಿಲ್ಲ, ಮೀನಿಲ್ಲ. ಮೂರೋ ಐದೋ ಏಳೋ ಬಗೆಯ ತರಕಾರಿ, ಹಿತ್ತಿಲಿನ ಹರಿವೆ, ಕೆಸು, ಬೆಂಡೆ, ಹೀರೆ, ಅಲಸಂಡೆ. ಹೊಸ ಭತ್ತದ ನಾಲ್ಕು ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿಯೆಲ್ಲ ಹಂಚಿಕೊಳ್ಳುವುದು. ಊರಿಗೆ ಬರಲಾಗದ ಮಗನಿಗೆ ಮಗಳಿಗೆ ಕಾಳನ್ನು ಕಟ್ಟಿಡುವುದು. ಎಷ್ಟು ಕಡಿಮೆ ಖರ್ಚು, ಎಷ್ಟು ಒಳ್ಳೆಯ ಊಟ! 2015ರಲ್ಲಿ ಪ್ರಕಟಿಸಿದ ತಮ್ಮ ವಿಶ್ವಪತ್ರ 'ಲಾವ್ದಾತೊ ಸಿ'ಯಲ್ಲಿ ಜಗದ್ಗುರು ಫ್ರಾನ್ಸಿಸರು, ಸರಳ ಬದುಕನ್ನು ಮನಸಾರೆ ಆರಿಸಿಕೊಂಡವರಿಗೆ ಅದು ಬಿಡುಗಡೆ ಕೊಡುತ್ತದೆ ಎಂದು ತಿಳಿಸಿದರು. ನಮ್ಮ ಅಜ್ಜಿಯರು ಅದನ್ನು ಈ ಎಲೆಯ ಮೇಲೆ ಬಡಿಸುತ್ತಲೇ ಬಂದಿದ್ದಾರೆ.

ಯಾವುದನ್ನು ಕಡಿಮೆ ಮಾಡೋಣ?

ಮಿತವ್ಯಯವೆಂದರೆ ಎಲ್ಲಿ ಕತ್ತರಿ ಹಾಕಬೇಕು ಎಂಬ ವಿವೇಕ. ಕೆಲವು ವಿಷಯಗಳನ್ನು ಬಿಡಿಸಿ ನೋಡೋಣ.

ಮೊದಲನೆಯದಾಗಿ, ಧಾರಾಳವಾಗಿ ಕತ್ತರಿ ಹಾಕಬಹುದಾದವು. ಮೊದಲ ಪರಮಪ್ರಸಾದಕ್ಕೆ ಫ್ಲೆಕ್ಸ್ ಬ್ಯಾನರು, ಹಾಲ್, ಐನೂರು ಮಂದಿಗೆ ಊಟ. ನಿಶ್ಚಿತಾರ್ಥಕ್ಕೇ ಒಂದು ಮದುವೆಯಷ್ಟು ಖರ್ಚು. ಹಬ್ಬವೆಂದರೆ ಬಾಟಲಿ ತೆರೆಯಲೇಬೇಕೆಂಬ ಪದ್ಧತಿ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ದಿನಕ್ಕೆ ಇಪ್ಪತ್ತು ರೂಪಾಯಿಯ ಗುಟ್ಕಾ ಅಥವಾ ಸಿಗರೇಟು ವರ್ಷಕ್ಕೆ 7,300 ರೂಪಾಯಿ. ಆ ಹಣದಲ್ಲಿ ಮನೆಯ ಹಿರಿಯರೆಲ್ಲರ ರಕ್ತ ಪರೀಕ್ಷೆ ಮುಗಿಯುತ್ತದೆ. ಮಕ್ಕಳಿಗೆ ಪ್ರೀತಿಯಿಂದ ಕೊಡಿಸುವ 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಆರೇಳು ಚಮಚ ಸಕ್ಕರೆ ಇರುತ್ತದೆ. ನಿಂಬೆಹಣ್ಣಿನ ಪಾನಕ ಅಗ್ಗ, ಮನೆಯಲ್ಲೇ ಮಾಡಿದರೆ ಸಕ್ಕರೆಯ ಅಳತೆ ನಮ್ಮ ಕೈಯಲ್ಲಿರುತ್ತದೆ.

ಎರಡನೆಯದಾಗಿ, ಕತ್ತರಿ ಹಾಕಬಾರದವು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ಅರ್ಧ ಮಾಡಬಾರದು, ನಿಲ್ಲಿಸಬಾರದು. ಬೆಲೆ ಹೆಚ್ಚಾಯಿತೇ? ಅದನ್ನು ವೈದ್ಯರಿಗೆ ಹೇಳಲು ಸಂಕೋಚ ಬೇಡ. ಅನೇಕ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ತೀರಾ ಕಡಿಮೆ ಬೆಲೆಗೆ ಸಿಗುತ್ತವೆ. ಮೂವತ್ತು ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ತಪಾಸಣೆಯನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಮಾಡುತ್ತಾರೆ. ವೈದ್ಯರನ್ನು ಗೌರವಿಸಬೇಕು, ಔಷಧಿಯನ್ನು ಭೂಮಿಯಲ್ಲಿ ಹುಟ್ಟಿಸಿದವರು ದೇವರೇ, ವಿವೇಕಿ ಅದನ್ನು ತಿರಸ್ಕರಿಸುವುದಿಲ್ಲ ಎಂಬುದು ಸಿರಾಖನ ಗ್ರಂಥದ ಬೋಧನೆ. ಪ್ರಾರ್ಥಿಸಬೇಕು, ಜೊತೆಗೆ ವೈದ್ಯನಿಗೂ ಜಾಗ ಕೊಡಬೇಕು ಎಂದು ಅದೇ ಅಧ್ಯಾಯ ಕಲಿಸುತ್ತದೆ. ನೊವೇನಾ ಮಾಡುತ್ತಿದ್ದೇವೆ, ಮಾತ್ರೆ ಯಾಕೆ ಎನ್ನುವುದು ವಿಶ್ವಾಸವಲ್ಲ.

ಮೂರನೆಯದಾಗಿ, ಉಳಿತಾಯದಂತೆ ಕಂಡು ಕೆಡುಕು ಮಾಡುವವು. ಹಬ್ಬಕ್ಕೆ ಕರಿದ ಎಣ್ಣೆ ಕಪ್ಪಾದರೂ ಚೆಲ್ಲದೆ ಮತ್ತೆ ಮತ್ತೆ ಕಾಯಿಸುವುದು. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನು ನಾವೂ ನುಂಗುವುದು. ತರಕಾರಿ ಉಳಿಸಲು ಉಪ್ಪಿನಕಾಯಿ, ಹಪ್ಪಳ, ಒಣಮೀನಿನಲ್ಲೇ ಊಟ ಮುಗಿಸುವುದು. ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚದೊಳಗೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ ಇರುವವರಿಗಂತೂ ಉಪ್ಪಿನಕಾಯಿ ಭರಣಿ ಒಳ್ಳೆಯ ಗೆಳೆಯನಲ್ಲ.

ನಾಲ್ಕನೆಯದಾಗಿ, ಹಣವನ್ನೂ ಆರೋಗ್ಯವನ್ನೂ ಒಟ್ಟಿಗೆ ಉಳಿಸುವವು. ಹಿತ್ತಿಲಿನ ನುಗ್ಗೆಸೊಪ್ಪು, ಬಸಳೆ, ಹರಿವೆಗೆ ಕಾಸು ಕೊಡಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಇರುವುದು ಅದರ ಸಣ್ಣ ಪಾಲು. ಅಂಗನವಾಡಿ, ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಡಬ್ಬದಲ್ಲಿಟ್ಟು ಮರೆಯಬೇಡಿ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ನಿಂಬೆಹುಳಿ ಹಿಂಡಿಕೊಂಡರೆ ಹೆಚ್ಚಾಗುತ್ತದೆ. ದೇವಾಲಯಕ್ಕೆ ಒಂದು ಕಿಲೋಮೀಟರು ದೂರವಿದ್ದರೂ ಸ್ಕೂಟರ್ ಹತ್ತುವ ನಾವು, ಕೈಯಲ್ಲಿ ಜಪಸರ ಹಿಡಿದು ನಡೆದರೆ ಪ್ರಾರ್ಥನೆಯೂ ಆಯಿತು, ವ್ಯಾಯಾಮವೂ ಆಯಿತು, ಪೆಟ್ರೋಲೂ ಉಳಿಯಿತು. ರಾತ್ರಿ ಹನ್ನೊಂದರವರೆಗೆ ಮೊಬೈಲು, ಟಿವಿ ನೋಡದೆ ಕುಟುಂಬ ಪ್ರಾರ್ಥನೆ ಮಾಡಿ ಹೊತ್ತಿಗೆ ಮಲಗುವುದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಬೋವಜನ ಕೆಲಸ

ಇಷ್ಟು ಕೇಳಿದ ಮೇಲೆ ತಾಯಂದಿರೇ ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಮುಗಿಸಿದರೆ, ಅವರ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ ಆಗುತ್ತದೆ. ರೂತಳ ಕಥೆಗೆ ಇನ್ನೊಮ್ಮೆ ಹೋಗೋಣ. ಅವಳು ತಾನಾಗಿ ಹೋಗಿ ಊಟಕ್ಕೆ ಕುಳಿತವಳಲ್ಲ. ಪರದೇಶದ ಬಡ ವಿಧವೆಗೆ ಆ ಧೈರ್ಯ ಎಲ್ಲಿಂದ ಬರಬೇಕು? ಬೋವಜ ನೋಡಿದ. ಬಿಸಿಲಲ್ಲಿ ದುಡಿಯುವವಳಿಗೆ ಬಾಯಾರಿರುತ್ತದೆ, ಹಸಿದಿರುತ್ತದೆ ಎಂದು ಅವನಿಗೆ ಹೊಳೆಯಿತು. ಅವನು ಕರೆದ, ಕೂರಿಸಿದ, ತನ್ನ ಕೈಯಾರೆ ಬಡಿಸಿದ. ಕರೆಯುವವರು ಇದ್ದದ್ದರಿಂದಲೇ ರೂತಳು ಹೊಟ್ಟೆ ತುಂಬ ಉಂಡಳು. ಮುಂದೆ ಆ ಬೋವಜನನ್ನೇ ಅವಳು ಮದುವೆಯಾದಳು. ಅವರ ಮಗ ಓಬೇದ, ಅವನ ಮೊಮ್ಮಗ ದಾವೀದ ಅರಸ. ಅದೇ ವಂಶದಲ್ಲಿ ನಮ್ಮ ಪ್ರಭು ಹುಟ್ಟಿದರು. ನಾವಿಂದು ಕೇಳಿದ ಹೆಸರುಗಳ ಪಟ್ಟಿಯೊಳಗೆ ಒಂದು ಹಿಡಿ ಹುರಿದ ಕಾಳಿನ ಕಥೆಯೂ ಇದೆ.

ಆದುದರಿಂದ ಪ್ರಿಯ ತಂದೆಯರೇ, ಯುವಕರೇ, ಮಕ್ಕಳೇ, ಈ ದಿನದ ಕೆಲಸ ನಮ್ಮದು. ಇಂದು ಮನೆಗೆ ಹೋಗಿ ಎಲೆ ಹಾಕಿದಾಗ ಅಮ್ಮನನ್ನೂ ಹೆಂಡತಿಯನ್ನೂ ಕರೆದು ಜೊತೆಯಲ್ಲೇ ಕೂರಿಸೋಣ. ಹೊಸ ತೆನೆಯ ಪಾಯಸವನ್ನು ಮೊದಲು ಅವರಿಗೆ ಬಡಿಸೋಣ. "ನೀವು ಉಣ್ಣಿ, ನಾನು ಆಮೇಲೆ" ಎಂಬ ಮಾತನ್ನು ಇಂದು ಒಪ್ಪಬಾರದು, ನಾಳೆಯೂ ಒಪ್ಪಬಾರದು. ಈ ವಾರದೊಳಗೆ ಮನೆಯ ತಾಯಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತದ ಪ್ರಮಾಣ, ರಕ್ತದೊತ್ತಡ, ಸಕ್ಕರೆ ನೋಡಿಸೋಣ. "ಹೋಗಿ ಬಾ" ಎನ್ನುವುದು ಬೇಡ, ಜೊತೆಗೆ ಹೋಗೋಣ. ದೂರದ ಊರಿನಲ್ಲಿರುವ ಮಕ್ಕಳು ಫೋನ್ ಮಾಡಿದಾಗ "ಊಟ ಆಯ್ತಾ?" ಎಂಬುದರ ಜೊತೆಗೆ "ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ?" ಎಂದೂ ಕೇಳಲಿ. ನಮ್ಮ ವಾರ್ಡುಗಳಲ್ಲಿ ಒಂಟಿಯಾಗಿರುವ ಹಿರಿಯರ ಮನೆಗೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೂ ನೆರೆಯವರೂ ಹೋಗಿ ಬರಲಿ. ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಬೇಕೆಂಬ ನಿಯಮ ಇಂದಿಗೂ ನಮ್ಮ ಮೇಲಿದೆ. ಹಬ್ಬದ ಆಡಂಬರದಲ್ಲಿ ಉಳಿಸಿದ ಹಣದ ಒಂದು ಪಾಲು, ನಿಜವಾಗಿಯೂ ಮಾತ್ರೆ ಕೊಳ್ಳಲಾಗದ ಒಬ್ಬರ ಔಷಧಿಗೆ ಹೋಗಲಿ.

ತಾಯಂದಿರಿಗೂ ಒಂದು ಮಾತು. ಕರೆದಾಗ ಬೇಡವೆನ್ನಬೇಡಿ. ರೂತಳು ಬೇಡವೆನ್ನಲಿಲ್ಲ. ಕುಳಿತಳು, ತೃಪ್ತಿಯಾಗಿ ಉಂಡಳು, ಆ ಬಲದಿಂದಲೇ ಸಂಜೆಯವರೆಗೆ ದುಡಿದು ಅತ್ತೆಗೆ ಅನ್ನ ತಂದಳು. ನೀವು ಉಂಡರೆ ಮಕ್ಕಳ ಪಾಲು ಕಡಿಮೆಯಾಗುವುದಿಲ್ಲ. ನೀವು ಬಾಳಿದರೆ ಮಕ್ಕಳ ಪಾಲು ಹೆಚ್ಚುತ್ತದೆ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಪ್ರಭು ಯೇಸು ರೊಟ್ಟಿಯ ರೂಪದಲ್ಲಿ ನಮ್ಮ ಶರೀರದೊಳಗೆ ಬರುತ್ತಾರೆ. ಮರಿಯಮ್ಮನವರ ಶರೀರದಲ್ಲಿ ಒಂಬತ್ತು ತಿಂಗಳು ವಾಸಿಸಿದ ದೇವಪುತ್ರನಿಗೆ ನಮ್ಮ ದುರ್ಬಲ ಶರೀರವೂ ಆಲಯವಾಗುತ್ತದೆ. ಆ ಆಲಯವನ್ನು ಸರಳವಾಗಿ, ಶುಚಿಯಾಗಿ, ಗಟ್ಟಿಯಾಗಿ ಇಟ್ಟುಕೊಳ್ಳುವ ವಿವೇಕವನ್ನು ನಮ್ಮ ಪ್ರತಿ ಕುಟುಂಬಕ್ಕೂ ದಯಪಾಲಿಸಲೆಂದು ಇಂದು ಹುಟ್ಟಿದ ಈ ತಾಯಿಯ ಬಿನ್ನಹದ ಮೂಲಕ ಬೇಡಿಕೊಳ್ಳೋಣ. ನಿಮಗೂ ನಿಮ್ಮ ಮನೆಮಂದಿಗೆಲ್ಲರಿಗೂ ಮಾತೆ ಮರಿಯಮ್ಮನವರ ಜನನೋತ್ಸವದ ಹಾಗೂ ತೆನೆಹಬ್ಬದ ಶುಭಾಶಯಗಳು.

ಆಮೆನ್.